ವಿಭೂತಿಯ ಮೇಲೆ ಮೂಡಿದ ಕೆಂಪು ಗೆರೆ

2022ರ ಅಕ್ಟೋಬರ್. ಮಿಷಿಗನ್ನಿನ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿಯಿಂದ ನಾನು ನಿವೃತ್ತನಾಗಿ ಆಗಷ್ಟೇ ವರ್ಷವಾಗಿತ್ತು. ಅಲ್ಲಿ ನಾನು ವೆಲ್ಡ್ ಕ್ವಾಲಿಟಿ ಎಂಜಿನಿಯರ್. ಕಾರಿನ ಅಡಿಯ ಉಕ್ಕಿನ ಭಾಗಗಳನ್ನು ಬೆಸೆದ ಜಾಗ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹೇಳುವುದೇ ನನ್ನ ಹೊಟ್ಟೆಪಾಡಾಗಿತ್ತು. ಈ ಚಾಳಿ ಎಷ್ಟು ಅಂಟಿಕೊಂಡಿತ್ತೆಂದರೆ, ಮದುವೆಮನೆಗೆ ಹೋದರೂ ಕುರ್ಚಿಯನ್ನು ತಿರುಗಿಸಿ ಅದರ ಕಾಲಿನ ವೆಲ್ಡಿಂಗ್ ನೋಡಿಯೇ ಕೂರುವವನು ನಾನು. ನನ್ನ ಹೆಂಡತಿ ಹೇಳಿ ಹೇಳಿ ಸಾಕಾಗಿ ಈಗ ದೂರದ ಸಾಲಿನಲ್ಲಿ ಕೂರುತ್ತಾಳೆ. ವೃತ್ತಿಯಲ್ಲಿ ನಾನು ತಿರಸ್ಕರಿಸಿದ ಭಾಗಗಳು ಲೆಕ್ಕವಿಲ್ಲದಷ್ಟಿವೆ, ಒಂದೂ ನೆನಪಿಲ್ಲ. ನೆನಪಿನಲ್ಲಿ ಉಳಿದಿರುವುದು ನಿವೃತ್ತಿಯಾದ ಮೇಲೆ, ಸ್ನೇಹಿತನ ಮನೆಯ ಗ್ಯಾರೇಜಿನಲ್ಲಿ ಕಂಡ ಒಂದು ವೆಲ್ಡ್ ಮಾತ್ರ.

ಸ್ನೇಹಿತನ ಹೆಸರು ಪ್ರಭಾಕರ. ನನ್ನ ಹಾಗೆಯೇ ಮೈಸೂರಿನವನು, ನಾರ್ತ್‌ವಿಲ್‌ನಲ್ಲಿ ನಮ್ಮ ಪಕ್ಕದ ಬಡಾವಣೆಯಲ್ಲಿ ಅವನ ಮನೆ. ಕೆಲಸ ಪರ್ಚೇಸಿಂಗ್ ವಿಭಾಗದಲ್ಲಿ. ಕೀಬೋರ್ಡ್ ಬಿಟ್ಟರೆ ಬೇರೆ ಉಪಕರಣ ಮುಟ್ಟಿದವನಲ್ಲ. ಆದರೆ ಅವನಿಗೆ ಹಾಟ್ ರಾಡ್ ಹುಚ್ಚು. ಹಾಟ್ ರಾಡ್ ಎಂದರೆ ಅಜ್ಜಂದಿರ ಕಾಲದ ಕಾರಿನ ಮೈಯೊಳಗೆ ಹೊಸ ಕಾಲದ ಎಂಜಿನ್, ಬ್ರೇಕು, ಸ್ಟೀರಿಂಗ್ ಎಲ್ಲವನ್ನೂ ಕೂರಿಸಿ ಮಾಡಿದ ಗಾಡಿ. ಡೆಟ್ರಾಯಿಟ್ ಕಡೆ ಬೇಸಿಗೆ ಬಂತೆಂದರೆ ಇವು ಗುಡುಗುತ್ತಾ ರಸ್ತೆಗೆ ಇಳಿಯುತ್ತವೆ. ಪ್ರಭಾಕರನ ಒಬ್ಬಳೇ ಮಗಳು ಮೇಘನಾ ಚಿಕ್ಕವಳಿದ್ದಾಗ ಅಪ್ಪನ ಹೆಗಲೇರಿ ಕೂತು ಅವನ್ನು ನೋಡುತ್ತಿದ್ದಳು. ಇಂಥದ್ದರಲ್ಲೇ ತನ್ನನ್ನು ಸ್ಕೂಲಿನಿಂದ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಿದ್ದಳಂತೆ. ಆಗ ಆಗಲಿಲ್ಲ. ಅವಳು ಮದುವೆಯಾಗಿ ಶಿಕಾಗೋ ಬಳಿಯ ನೇಪರ್‌ವಿಲ್‌ಗೆ ಹೋದ ಮೇಲೆ, ‘ನಾನೇ ಕಟ್ಟಿ, ನಾನೇ ಡ್ರೈವ್ ಮಾಡ್ಕೊಂಡು ನಿನ್ನ ಬಾಗಿಲಿಗೆ ಬರ್ತೀನಿ’ ಎಂದು ಮಾತು ಕೊಟ್ಟ.

2017ರಲ್ಲಿ ಅವನ ಗ್ಯಾರೇಜಿಗೆ 1934ರ ನಾಲ್ಕು ಬಾಗಿಲಿನ ಸೆಡಾನ್ ಒಂದು ಬಂತು. ಸೆಡಾನ್ ಅನ್ನುವುದು ಮರ್ಯಾದೆಯ ಮಾತು. ಬಂದದ್ದು ತುಕ್ಕು ಹಿಡಿದ ಒಂದು ಡಬ್ಬ. ವೆಲ್ಡಿಂಗ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನ ಮೊದಮೊದಲ ವೆಲ್ಡುಗಳು ಕೋಳಿ ಕೆದರಿದ ಹಾಗಿದ್ದವು. ನಾನು ಬೈಯುತ್ತಿದ್ದೆ, ಅವನು ನಗುತ್ತಿದ್ದ, ಅವನ ಹೆಂಡತಿ ವಸಂತ ಕಾಫಿ ತಂದಿಟ್ಟು ಹೋಗುತ್ತಿದ್ದರು. ಎರಡು ವರ್ಷದೊಳಗೆ ಅವನ ಕೈ ಎಷ್ಟು ಪಳಗಿತೆಂದರೆ, ಚಾಸಿಯ ಹಿಂಭಾಗದ ವೆಲ್ಡುಗಳು ಬಿಗಿಯಾಗಿ ಹೆಣೆದ ಜಡೆಯಂತೆ ಒಂದೇ ಸಮನಾಗಿ ಬಂದವು. ಚಾಸಿ ಎಂದರೆ ಕಾರಿನ ಭಾರ ಹೊರುವ ಅಡಿಯ ಉಕ್ಕಿನ ಚೌಕಟ್ಟು. ನನ್ನ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಅಂದು ಬಂತು.

ಆಮೇಲೆ ಕೋವಿಡ್ ಬಂತು. ಎರಡು ವರ್ಷ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ಚಾಸಿಯ ಮುಂಭಾಗವನ್ನೆಲ್ಲ ಪ್ರಭಾಕರ ಒಬ್ಬನೇ ಕಟ್ಟಿದ. ಮತ್ತೆ ಹೋಗಿಬರುವುದು ಶುರುವಾದಾಗಲೂ ಅವನು ನನ್ನನ್ನು ಕಾರಿನ ಅಡಿಗೆ ಬಿಡಲಿಲ್ಲ. “ಎಲ್ಲಾ ಆದ್ಮೇಲೆ ನೋಡೋವಂತೆ ಕಣೋ” ಎಂದು ತಳ್ಳಿಹಾಕುತ್ತಿದ್ದ. ಕಲಿತ ಶಿಷ್ಯನ ಬಿಗುಮಾನ ಇದು ಎಂದುಕೊಂಡು ನಾನೂ ಸುಮ್ಮನಿದ್ದೆ.

2022ರ ಆಯುಧಪೂಜೆಯ ಹೊತ್ತಿಗೆ ಕಾರು ಸಿದ್ಧವಾಯಿತು. ಬಣ್ಣ ಬಳಿಯುವುದನ್ನು ಚಳಿಗಾಲಕ್ಕೆ ಇಟ್ಟುಕೊಂಡಿದ್ದರಿಂದ ಚಾಸಿ ಬರೀ ಉಕ್ಕಾಗಿಯೇ ಇತ್ತು. ಒಣಕುಂಕುಮ ಲೋಹಕ್ಕೆ ಹಿಡಿಯುವುದಿಲ್ಲವೆಂದು ವಸಂತ ಎಣ್ಣೆಯಲ್ಲಿ ಕಲಸಿ, ಬಾನೆಟ್ ಎತ್ತಿ, ಎಂಜಿನ್ನಿಗೆ, ಸ್ಟೀರಿಂಗಿಗೆ, ಚೌಕಟ್ಟಿಗೆ ಧಾರಾಳವಾಗಿ ಹಚ್ಚಿದರು. ವೆಲ್ಡಿಂಗ್ ಮಷೀನಿಗೂ ಒಂದು ಬೊಟ್ಟು, ಒಂದು ಸೇವಂತಿಗೆ. ಪ್ರಭಾಕರ ಕಾರಿನಲ್ಲಿ ಕೂತು ನಾಲ್ಕು ಚಕ್ರದಡಿಯ ನಿಂಬೆಹಣ್ಣುಗಳನ್ನು ಚಟಪಟ ಒಡೆಸಿಕೊಂಡು ಡ್ರೈವ್‌ವೇಗೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಳಿದ ಕೂಡಲೇ ಅವನು ಬಲಗೈಯನ್ನು ಜೇಬಿಗೆ ಹಾಕಿದ. ಚಳಿಯಿತ್ತು, ನನಗೆ ಏನೂ ಅನ್ನಿಸಲಿಲ್ಲ.

ಮಾರನೆಯ ದಿನ ವಿಜಯದಶಮಿ, ನೇಪರ್‌ವಿಲ್‌ಗೆ ಹೊರಡುವ ದಿನ. ಸುಮಾರು 280 ಮೈಲಿ. ನಾನು ನನ್ನ ಕಾರಿನಲ್ಲಿ ಹಿಂದೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಹೋಗಿ ಬಾನೆಟ್ ಎತ್ತಿದರೆ, ಚೌಕಟ್ಟಿಗೆ ಹಚ್ಚಿದ್ದ ಕುಂಕುಮದ ಎಣ್ಣೆ ಎಕ್ಸಾಸ್ಟ್ ಪೈಪಿನ ಕಡೆ ಇಳಿಯುತ್ತಿತ್ತು. ಬಿಸಿಗೆ ಹೊಗೆ ಏಳುತ್ತದೆಂದು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದೆ. ಅದನ್ನು ನೋಡಿ ವಸಂತ ಸಿಡುಕಿದರು.

“ಏನ್ರೀ ಸೀನು, ಹಬ್ಬದ ದಿನ ಗಾಡೀನ ಹೀಗೆ ಬೋಳಾಗಿ ಕಳಿಸ್ತೀರಾ?”

ಒರೆಸಿದ ಜಾಗಕ್ಕೇ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದರು. ಎಲ್ಲರೂ ಒಳಗೆ ಹೋಗಿ ಉಪ್ಪಿಟ್ಟು ತಿಂದೆವು. ನಾನು ಕೈ ತೊಳೆದು ಗ್ಯಾರೇಜಿಗೆ ಬಂದಾಗ ವಿಭೂತಿ ಒಣಗಿ ಬೆಳ್ಳಗಾಗಿತ್ತು. ಅದರ ನಡುವೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯೊಂದು ಮೂಡಿತ್ತು.

ನಮ್ಮ ವೃತ್ತಿಯಲ್ಲಿ ಡೈ ಪೆನಿಟ್ರೆಂಟ್ ಟೆಸ್ಟ್ ಎಂಬುದೊಂದಿದೆ. ವೆಲ್ಡಿನ ಮೇಲೆ ಕೆಂಪು ಬಣ್ಣದ ದ್ರವ ಹಚ್ಚುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅದು ಒಳಗಿಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಬಳಿದರೆ, ಬಿರುಕಿನೊಳಗಿನ ಕೆಂಪನ್ನು ಪುಡಿ ಹೀರಿ ಮೇಲಕ್ಕೆ ತರುತ್ತದೆ. ನಾನು ಜೀವಮಾನವಿಡೀ ಮಾಡಿದ ಪರೀಕ್ಷೆಯನ್ನೇ ವಸಂತ ತಮಗೆ ಗೊತ್ತಿಲ್ಲದೆ ಮಾಡಿದ್ದರು. ಗೆರೆ ಬಂದದ್ದು ಸ್ಟೀರಿಂಗ್ ಗೇರ್ ಬಾಕ್ಸನ್ನು ಚಾಸಿಗೆ ಹಿಡಿದಿರುವ ತುಂಡಿನ ಮೇಲೆ. ಹೈವೇಯಲ್ಲಿ ಎಪ್ಪತ್ತು ಮೈಲಿ ವೇಗದಲ್ಲಿ ಅದು ಕಿತ್ತು ಬಂದರೆ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಚಕ್ರ ಮಾತು ಕೇಳುವುದಿಲ್ಲ.

ಟಾರ್ಚ್ ಹಿಡಿದು ಕಾರಿನ ಅಡಿಗೆ ಜಾರಿದೆ. ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬಂದೆ. ಹಿಂದೆ ಅದೇ ಜಡೆ, ಅದೇ ಹದ. ನಡುವೆ ಬರುವಾಗ ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ. ಮುಂದೆ ಬಂದರೆ ಬಿಟ್ಟು ಬಿಟ್ಟು ಹಚ್ಚಿದ, ದಾರಿ ತಪ್ಪಿದ, ಒಂದರ ಮೇಲೊಂದು ತಡವರಿಸಿದ ವೆಲ್ಡುಗಳು. ಅವಸರದ ಕೆಲಸ ಹೇಗಿರುತ್ತದೆ, ಸೋಮಾರಿಯ ಕೆಲಸ ಹೇಗಿರುತ್ತದೆ ಎರಡೂ ನನಗೆ ಗೊತ್ತು. ಇದು ಎರಡೂ ಅಲ್ಲ. ಪ್ರಾಣ ಒತ್ತೆಯಿಟ್ಟು ಮಾಡಿದ್ದು, ಕೈ ಮಾತ್ರ ಕೇಳಿಲ್ಲ. ಆ ತಣ್ಣನೆಯ ಕಾಂಕ್ರೀಟಿನ ಮೇಲೆ ಮಲಗಿದ್ದಾಗಲೇ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಹೊರಗೆ ಬರಲು ಮನಸ್ಸಾಗಲಿಲ್ಲ.

ಬಂದಾಗ ಪ್ರಭಾಕರ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಪ್ರಭು, ಇದು ಇವತ್ತು ಹೋಗಲ್ಲ ಕಣೋ.”

“ಯಾಕೆ? ನಿನ್ನೆ ಓಡ್ತಲ್ಲ?”

“ಬಿರುಕಿದೆ. ಇದೊಂದೇ ಅಲ್ಲ, ಮುಂದಿನದೆಲ್ಲಾ...”

ಅವನು ಜೇಬಿನಿಂದ ಬಲಗೈ ತೆಗೆದು ನನ್ನ ಮುಂದೆ ಚಾಚಿದ. ಹೆಬ್ಬೆರಳೂ ತೋರುಬೆರಳೂ ಏನನ್ನೋ ಉರುಳಿಸುತ್ತಿರುವಂತೆ ಅದು ತನ್ನ ಪಾಡಿಗೆ ನಡುಗುತ್ತಿತ್ತು.

“ಎರಡು ವರ್ಷ ಆಯ್ತು. ಪಾರ್ಕಿನ್ಸನ್ ಅಂದ್ರು. ವಸಂತಂಗೆ ಗೊತ್ತು, ಮೇಘನಂಗೆ ಗೊತ್ತಿಲ್ಲ.” ಕಾರಿನ ಕಡೆ ನೋಡುತ್ತಾ ಹೇಳಿದ, “ವೆಲ್ಡ್ ನೀನು ಮಾಡಿಕೊಡ್ತೀಯ, ನಂಗೊತ್ತು. ಆದ್ರೆ ಸ್ಟೀರಿಂಗ್ ಯಾರು ಹಿಡೀತಾರೋ, ಸೀನ?”

ನಾನು ಅತ್ತುಬಿಟ್ಟೆ. ಅವನೇ ನನ್ನ ಬೆನ್ನು ತಟ್ಟಿದ, ಎಡಗೈಯಲ್ಲಿ. ಒಳಗೆ ವಸಂತ ಮಗಳಿಗೆ ಫೋನ್ ಮಾಡಿ, ಕಾರಿನಲ್ಲಿ ಏನೋ ಚಿಕ್ಕ ಪ್ರಾಬ್ಲಮ್ಮು, ಬರುವುದು ಸ್ವಲ್ಪ ತಡವಾಗುತ್ತೆ ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಆ ಚಳಿಗಾಲವೆಲ್ಲ ನಾನು ಮುಂಭಾಗದ ವೆಲ್ಡುಗಳನ್ನು ಗ್ರೈಂಡರ್ ಹಿಡಿದು ಉಜ್ಜಿ ತೆಗೆದು ಹೊಸದಾಗಿ ಮಾಡಿದೆ. ಪ್ರಭಾಕರ ಸ್ಟೂಲಿನ ಮೇಲೆ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. “ನನಗೆ ಬೈತಿದ್ದೆಯಲ್ಲ, ಇದೇನು ಇದು?” ಎನ್ನುತ್ತಿದ್ದ. ನಾನೂ ಹುಸಿಕೋಪ ಮಾಡುತ್ತಿದ್ದೆ. ಆದರೆ ಗ್ರೈಂಡರಿನ ಕಿಡಿ ಹಾರಿದಾಗಲೆಲ್ಲ ಅವನ ಕೈಯ ಗುರುತನ್ನು ನಾನೇ ಅಳಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಮೇಘನಾ ಊರಿಗೆ ಬರುತ್ತೇನೆ ಎಂದಾಗಲೆಲ್ಲ ಅವನು, “ನೀನು ಬರ್ಬೇಡ ಪುಟ್ಟೀ, ನಾನೇ ಬರ್ತೀನಲ್ಲ ಕಾರಲ್ಲಿ” ಎಂದು ತಡೆಯುತ್ತಿದ್ದ. ವಿಡಿಯೊ ಕಾಲಿನಲ್ಲಿ ಮುಖವಷ್ಟೇ ಕಾಣುತ್ತದಲ್ಲ. ವಸಂತಕಾಲದ ಹೊತ್ತಿಗೆ ಡಾಕ್ಟರು ಅವನಿಗೆ ಡ್ರೈವ್ ಮಾಡಲೇಬಾರದು ಎಂದುಬಿಟ್ಟರು.

2023ರ ಜೂನ್‌ನಲ್ಲಿ ಹೊರಟೆವು. ಡ್ರೈವ್ ಮಾಡಿದ್ದು ನಾನು, ವಸಂತ ಹಿಂದಿನ ಸೀಟಿನಲ್ಲಿದ್ದರು. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ನನ್ನದು ಆರಡಿ ಮೀರಿದ ಮೈಯಾದ್ದರಿಂದ ಅದನ್ನು ಪೂರ್ತಿ ಹಿಂದಕ್ಕೆ ಸರಿಸಿದ್ದೆ. ಪ್ರಭಾಕರ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಎಂಜಿನ್ ಸದ್ದನ್ನೇ ಕೇಳುತ್ತಿದ್ದ. ಮೇಘನಾಳ ಬೀದಿ ಬಂದಾಗ ನನ್ನ ತೋಳು ಹಿಡಿದ.

“ಮನೆ ಮುಂದೆ ನಿಲ್ಸಿ ಎಂಜಿನ್ ಆಫ್ ಮಾಡೋ. ನನ್ನ ಆ ಕಡೆ ಕೂರ್ಸು.”

ನಾನೂ ವಸಂತರೂ ಅವನ ಕೈಹಿಡಿದು ಈ ಕಡೆಗೆ ತಂದು ಸ್ಟೀರಿಂಗ್ ಮುಂದೆ ಕೂರಿಸಿದೆವು. ಅವನು ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದ. ಹಾಗೆ ಹಿಡಿದಾಗ ನಡುಕ ಅಷ್ಟಾಗಿ ಕಾಣುತ್ತಿರಲಿಲ್ಲ. ಕಿಟಕಿಯಿಂದ ಕೈ ಹಾಕಿ ನಾನೇ ಹಾರ್ನ್ ಮಾಡಿದೆ.

ಮೇಘನಾ ಬರಿಗಾಲಲ್ಲಿ ಓಡಿ ಬಂದಳು. “ಅಪ್ಪಾ! ಯು ಡ್ರೋವ್ ದಿಸ್? ಆಲ್ ದ ವೇ?”

“ಮತ್ತೆ? ಬರ್ತೀನಿ ಅಂತ ಹೇಳಿರ್ಲಿಲ್ವಾ?”

ಅಪ್ಪಿಕೊಳ್ಳಲೆಂದು ಅವಳು ಬಾಗಿಲು ತೆಗೆದಳು. ಅವಳ ಕಣ್ಣು ಕೆಳಗೆ ಹೋಯಿತು. ಪ್ರಭಾಕರನ ಕಾಲು ಪೆಡಲುಗಳಿಗೆ ಗೇಣು ದೂರದಲ್ಲಿ ನಿಂತಿತ್ತು. ಅವಳು ನನ್ನ ಉದ್ದವನ್ನೊಮ್ಮೆ ನೋಡಿದಳು, ಆಮೇಲೆ ಅಪ್ಪನ ಕೈಗಳನ್ನು ನೋಡಿದಳು. ಬೆರಳುಗಳು ಬಿಳಿಚುವಷ್ಟು ಬಿಗಿಹಿಡಿದಿದ್ದರೂ ಹೆಬ್ಬೆರಳು ನಡುಗುತ್ತಲೇ ಇತ್ತು. ಅವಳು ತನ್ನ ಎರಡೂ ಕೈಗಳನ್ನು ಅವುಗಳ ಮೇಲೆ ಇಟ್ಟು ಮುಚ್ಚಿದಳು.

“ಗುಡ್ ಡ್ರೈವಿಂಗ್, ಅಪ್ಪಾ” ಎಂದಳು. ಅವಳು ಒಳಗೆ ಹೋದ ಮೇಲೆ ಅಡಿಗೆಮನೆಯ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾವು ಯಾರೂ ಆ ಕಡೆ ಹೋಗಲಿಲ್ಲ.

ಪ್ರಭಾಕರ ಈಗ ಇಲ್ಲ. ಕಾರು ನೇಪರ್‌ವಿಲ್‌ನಲ್ಲಿ ಮಗಳ ಗ್ಯಾರೇಜಿನಲ್ಲಿದೆ. ಬಿರುಕು ಕಂಡರೆ ಬಣ್ಣ ಹಚ್ಚಿ ಎಲ್ಲರಿಗೂ ತೋರಿಸಬೇಕು ಎಂದು ನನ್ನ ವೃತ್ತಿ ನನಗೆ ಕಲಿಸಿತ್ತು. ಉಕ್ಕಿನ ವಿಷಯದಲ್ಲಿ ಇವತ್ತೂ ನನ್ನದು ಅದೇ ಮಾತು, ಒಂದಿಂಚೂ ಹಿಂದೆ ಸರಿಯುವುದಿಲ್ಲ. ಮನುಷ್ಯನ ಬಿರುಕನ್ನು ಕಂಡೂ ಕೈಯಿಂದ ಮುಚ್ಚಬಹುದು ಎನ್ನುವುದನ್ನು ಮಾತ್ರ ಆ ಹುಡುಗಿಯಿಂದ ಕಲಿತೆ. ಕಳೆದ ಆಯುಧಪೂಜೆಗೆ ಅಲ್ಲಿಗೆ ಹೋಗಿದ್ದಾಗ, ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಲು ನನ್ನನ್ನೇ ಕರೆದರು. ಕೂರಲು ಹೋದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಸೀಟು ಹಿಂದಕ್ಕೆ ತಳ್ಳಲು ಕೆಳಗೆ ಕೈ ಹಾಕಿದೆ.

“ಪ್ಲೀಸ್ ಅಂಕಲ್, ಡೋಂಟ್ ಮೂವ್ ಇಟ್” ಎಂದಳು ಮೇಘನಾ. “ಅಪ್ಪಂಗೆ ಕಾಲು ಎಟಕಲಿ ಅಂತ ನಾನೇ ಮುಂದೆ ಎಳೆದಿದೀನಿ.”