ಬಾಗಿಲಕ್ಕನ ಬಳಿ ನೂರ ಹದಿನಾರು ಪಾದ

ನೆಂಟರೆಲ್ಲ ಹೊರಟ ಮೇಲಿನ ಮೊದಲ ಮಾಮೂಲಿ ಬೆಳಗು. ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ಹದಿನಾಲ್ಕು ದಿನ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದಾನೆ. ಅವರ ಮೇಜಿನ ಮೇಲೆ ಶೂ ಲೇಸಿನಿಂದ ಬಿಗಿದ ರಟ್ಟುಗಳ ಕಟ್ಟೊಂದಿದೆ. ಅವರು ಕಡ ತಂದದ್ದು. ಅದರ ಒಡತಿಗೆ ಇವತ್ತು ಹನ್ನೊಂದು ಗಂಟೆಗೆ ಅದು ಬೇಕು.

ಕಟ್ಟು ಹಿಡಿದು ನಾನು ಬಂದಾಗ ಒಡತಿ ಐದೂವರೆಗೇ ಗೇಟಿನ ಪಕ್ಕದ ಬೆಂಚು ಒರೆಸುತ್ತಿದ್ದಾರೆ. ಮನೆಯಲ್ಲಿ ಏಟು ತಿಂದು ಬರುವ ಹೆಂಗಸರಿಗೆ ಆಶ್ರಯ ಕೊಡುವ ಮನೆ ಇದು. ಬೋರ್ಡಿಲ್ಲ. ಹನ್ನೊಂದು ವರ್ಷದಿಂದ ಈ ಗೇಟು ತೆಗೆಯುವವರು ಇವರೇ. ಒಳಗಿನವರೆಲ್ಲ ಬಾಗಿಲಕ್ಕ ಎನ್ನುತ್ತಾರೆ.

ಬಂದವರ ಮುಖವನ್ನು ಅವರು ಮೊದಲು ನೋಡುವುದಿಲ್ಲ. "ಮುಖ ನೋಡಿದ್ರೆ ಅಳ್ತಾರೆ. ನಾನು ಕಾಲು ನೋಡ್ತೀನಿ." ನನ್ನದನ್ನೂ ನೋಡುತ್ತಾರೆ.

"ಎಡಗಾಲಿಂದು ನಿಮ್ದಲ್ಲ ಮೇಡಂ."

ಬಗ್ಗಿ ನೋಡುತ್ತೇನೆ. ಎರಡೂ ನೀಲಿ ಹವಾಯಿ ಚಪ್ಪಲಿ. ಎಡದ್ದು ನನ್ನ ಗಂಡನದು.

ಬಾಗಿಲಕ್ಕ ಚಪ್ಪಲಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅಟ್ಟೆ ಕತ್ತರಿಸಿದವರು. ಕಾರ್ಖಾನೆ ಮುಚ್ಚಿದಾಗ ಉಳಿದದ್ದು ಮಂಡಿನೋವು ಮತ್ತು ಕಾಲಿನ ಅಳತೆ ಹಿಡಿಯುವ ಕಣ್ಣು. "ನಮ್ಮತ್ತೆ ಇವತ್ತಿಗೂ ಆಡ್ಕೋತಾರೆ. ಅಲ್ಲಿ ಚಪ್ಪಲಿ ಕುಯ್ದಿದ್ದಾಯ್ತು, ಈಗ ಚಪ್ಪಲಿ ಕಾಯೋಕೆ ಹೋಗ್ತಾಳೆ ಅಂತ." ಗಂಡ ಬೆಳಿಗ್ಗೆ ಟೀ ಮಾಡಿಕೊಟ್ಟು ಕಳಿಸುತ್ತಾರಂತೆ. "ಒಳ್ಳೇ ಗಂಡಸು. ಇಲ್ಲಿ ಅದನ್ನ ಜೋರಾಗಿ ಹೇಳೋಕೆ ನಾಚ್ಕೆ. ಹಸಿದೋರ ಮುಂದೆ ತೇಗಿದ ಹಾಗೆ."

ಒಳಗೆ ಇಪ್ಪತ್ತು ಮಂಚ. ಅವುಗಳಲ್ಲಿ ಎಂಟನ್ನು ತೆಗೆಯುವ ಪ್ರಸ್ತಾಪ ಇವತ್ತಿನ ಆಡಳಿತ ಮಂಡಳಿ ಸಭೆಯ ಮುಂದಿದೆ. ಕಾರಣ ರಿಜಿಸ್ಟರಿನಲ್ಲೇ ಇದೆ. ಮೂರು ವರ್ಷದ ಹಿಂದೆ ಇನ್ನೂರ ಹನ್ನೆರಡು ಹೆಂಗಸರು ಸೇರಿದ್ದರು, ಹೋದ ವರ್ಷ ನೂರ ಮೂವತ್ತೆಂಟು. ಬಳಕೆ ಇಳಿದಿದೆ ಎಂಬುದು ಮಂಡಳಿಯ ಲೆಕ್ಕಾಚಾರ.

ಬಾಗಿಲಕ್ಕ ಅದನ್ನು ಒಪ್ಪುವುದಿಲ್ಲ. "ಮೊದಲು ಹದಿನೈದು ದಿನ ಇದ್ದು ಹೋಗೋರು. ಈಗ ಒಂದೂವರೆ ಎರಡು ತಿಂಗಳು ಇರ್ತಾರೆ. ಬಾಡಿಗೆ ಮನೆ ಸಿಗಬೇಕು, ಮಗೂಗೆ ಸ್ಕೂಲು ಸಿಗಬೇಕು. ಮಂಚ ಖಾಲಿ ಆಗದೆ ಹೊಸಬ್ರನ್ನ ಎಲ್ಲಿ ಮಲಗಿಸ್ಲಿ?" ಬರುವ ರೀತಿಯೂ ಬದಲಾಗಿದೆ. "ಮುಂಚೆ ರಾತ್ರೋರಾತ್ರಿ ಓಡಿ ಬರೋರು. ಈಗ ಗಂಡ ಕೆಲಸಕ್ಕೆ ಹೋದ ಮೇಲೆ, ಕಾಗದಪತ್ರ ಎಲ್ಲ ಬ್ಯಾಗಲ್ಲಿಟ್ಕೊಂಡು ಬರ್ತಾರೆ. ಎಷ್ಟೋ ತಿಂಗಳಿಂದ ಯೋಚನೆ ಮಾಡಿರ್ತಾರೆ. ಅಂಥೋರಿಗೆ ಇಲ್ಲ ಅನ್ನೋಳು ನಾನು."

ಇಲ್ಲ ಎನಿಸಿಕೊಂಡವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡುತ್ತಾರೆ. ಬೇರೆ ಆಶ್ರಯಮನೆಗಳಿಗೆ ಫೋನ್ ಮಾಡುತ್ತಾರೆ. ಆಮೇಲೆ ಹಳೇ ರಟ್ಟಿನ ಮೇಲೆ ಅವರ ಬಲಗಾಲು ಇರಿಸಿ ಸುತ್ತ ಪೆನ್ಸಿಲ್ ಎಳೆದು, ಒಳಗಿನ ಕಪಾಟಿನಿಂದ ಅಳತೆಗೆ ಸರಿಯಾದ ಜೊತೆ ತಂದು ಕೊಡುತ್ತಾರೆ. ಈಗ ಬೇರೆ ಕಾರ್ಖಾನೆಗಳಲ್ಲಿರುವ ಹಳೆಯ ಜೊತೆಗಾರರು ಕಳಿಸುವ, ಹೊಲಿಗೆ ಕೆಟ್ಟ ಚಪ್ಪಲಿಗಳು. "ಒಳಗೆ ಜಾಗ ಇಲ್ಲ ಅಂದ್ಮೇಲೆ ದಾರಿ ಸವೆಸೋಕಾದ್ರೂ ಏನಾದ್ರೂ ಕೊಡ್ಬೇಕಲ್ಲ." ರಟ್ಟು ಇವರಲ್ಲೇ ಉಳಿಯುತ್ತದೆ. ಹೆಸರು ಬರೆದಿಟ್ಟುಕೊಳ್ಳಬಾರದೆ? "ಹೆಸರು ಕೇಳಿದ್ರೆ ಹೆದರ್ತಾರೆ. ಕಾಲು ಕೇಳಿದ್ರೆ ಯಾರೂ ಹೆದರಲ್ಲ."

ನನ್ನ ಗಂಡ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಈ ಮನೆಯ ವಾರ್ಷಿಕ ಅಂಕಿಅಂಶ ಮಾಡಿಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಜಾಗ ಸಿಗದೆ ಹಿಂದಿರುಗಿದವರಿಗೆ ಕಾಲಂ ಇಲ್ಲ ಎಂದು ಕಂಡುಕೊಂಡವರು ಅವರೇ. ಹೋದ ವರ್ಷದ ಕಟ್ಟನ್ನು ಎಣಿಸಲು ಮನೆಗೆ ತಂದರು. ಮರುವಾರ ತೀರಿಕೊಂಡರು.

ಅವರ ವರದಿಯಲ್ಲಿ ನೂರ ಹದಿನಾರು ಎಂದಿದೆ. ನಾನು ಮೂರು ಸಲ ಎಣಿಸಿದೆ. ನೂರ ಹದಿನೇಳು.

ಬಾಗಿಲಕ್ಕನ ಮುಖ ಗಂಟಾಗುತ್ತದೆ. "ಒಂದು ಸುಳ್ಳಾದ್ರೆ ಎಲ್ಲಾನೂ ಸುಳ್ಳು ಅಂತಾರೆ." ಮತ್ತೆ ನನ್ನ ಎಡಗಾಲು ನೋಡುತ್ತಾರೆ. ಚಪ್ಪಲಿಯ ಬಾರು ಅಟ್ಟೆಯಿಂದ ಕಳಚದಂತೆ ಒಂದು ಪಿನ್ನು ಚುಚ್ಚಿದೆ.

"ಆ ಪಿನ್ನು ನಂದು."

ಕಟ್ಟು ಒಯ್ದ ದಿನ ನನ್ನ ಗಂಡನ ಚಪ್ಪಲಿಯ ಬಾರು ಇದೇ ಅಂಗಳದಲ್ಲಿ ಕಿತ್ತುಬಂದಿತ್ತಂತೆ. "ತಮಾಷೆಗೆ ಅವರ್ದೂ ಒಂದು ರಟ್ಟಿನ ಮೇಲೆ ಅಳತೆ ತಗೊಂಡೆ. ಗಂಡಸರ ಸೈಜು ಎಲ್ಲಿಂದ ತರ್ಲಿ? ಇಲ್ಲ ಮೇಷ್ಟ್ರೇ ಅಂದೆ. ಪಿನ್ನಾದ್ರೂ ಕಡ ಕೊಡಿ ಅಂದ್ರು."

ರಟ್ಟುಗಳನ್ನು ಮಗುಚುತ್ತಾರೆ. ಅಗಲವಾದ ಪಾದಗಳು ಎಷ್ಟೋ ಇವೆ. ಅವರ ಬೆರಳು ಒಂದರ ಮೇಲೆ ನಿಲ್ಲುತ್ತದೆ. ಎಳೆದು ನನ್ನ ಕೈಗೆ ಕೊಡುತ್ತಾರೆ.

"ಇದು ನಮ್ಮ ಲೆಕ್ಕದ್ದಲ್ಲ. ನಿಮ್ದು."

ಹನ್ನೊಂದಕ್ಕೆ ಅವರ ಹಿಂದೆ ನಾನೂ ಸಭೆಯ ಕೋಣೆಗೆ ಹೋಗುತ್ತೇನೆ. ಕಾರ್ಯದರ್ಶಿ ರಟ್ಟೊಂದನ್ನು ಎತ್ತಿ ಹಿಡಿಯುತ್ತಾರೆ. "ಕಾಲಿನ ಚಿತ್ರ ದಾಖಲೆ ಆಗತ್ತೇನಮ್ಮ?"

"ಸಹಿ ಬರದೋರ ಹೆಬ್ಬೆಟ್ಟು ಆಗತ್ತಲ್ಲ ಸಾರ್. ಹೆಸರು ಹೇಳದೋರ ಕಾಲು ಯಾಕಾಗಲ್ಲ?"

ಕಾರ್ಯದರ್ಶಿ ಒಂದೊಂದನ್ನೇ ಎಣಿಸುತ್ತಾರೆ. ನೂರ ಹದಿನಾರು. ಈ ವರ್ಷ ಮಂಚ ಮುಟ್ಟುವುದಿಲ್ಲ, ರಿಜಿಸ್ಟರಿಗೆ ಒಂದು ಕಾಲಂ ಸೇರಿಸುವುದು ಎಂದು ತೀರ್ಮಾನವಾಗುತ್ತದೆ.

ಬೆಂಚಿಗೆ ಮರಳಿ ಬಾಗಿಲಕ್ಕ ಮಂಡಿ ನೀವಿಕೊಳ್ಳುತ್ತಾರೆ. ಇನ್ನೇನು ಬೇಕು ಎಂದು ಕೇಳುತ್ತೇನೆ. "ಇನ್ನೊಂದು ಕಪಾಟು. ತೆಗೆಯೋ ಕೆಲಸಾನೇ ಬೀಳದೆ ಅದರಲ್ಲಿ ಧೂಳು ಕೂತ್ಕೊಂಡ್ರೆ ಇನ್ನೂ ಸಂತೋಷ."

ನಾನು ಎಡಗಾಲಿನ ಪಿನ್ನು ಬಿಡಿಸಿ ಅವರ ಅಂಗೈಯಲ್ಲಿ ಇಡುತ್ತೇನೆ. ಬಾರು ಕಳಚಿಕೊಳ್ಳುತ್ತದೆ. ಅವರು ಒಳಗೆ ಹೋಗಿ ಒಂದು ಜೊತೆ ತಂದು ನನ್ನ ಕಾಲ ಬಳಿ ಇಡುತ್ತಾರೆ. ಸರಿಯಾಗಿ ಹಿಡಿಸುತ್ತವೆ. ಅಳತೆ ತೆಗೆದುಕೊಳ್ಳಲೇ ಇಲ್ಲವಲ್ಲ ಎನ್ನುತ್ತೇನೆ.

"ನಿಮಗೆ ರಟ್ಟು ಯಾಕೆ ತಂಗಿ? ನಾನೇನು ಇಲ್ಲ ಅಂದ್ನಾ?"