ಶಮೀಮ್ ಮೇಡಂ ಹೊಡೆದುಹಾಕುತ್ತಿದ್ದ ಕಂಸಗಳು

ಪ್ರೋಗ್ರಾಂ ಓಡಿ ಸರಿಯಾದ ಉತ್ತರ ಬಂದರೂ ಶಮೀಮ್ ಮೇಡಂ ಪರದೆಯತ್ತ ನೋಡುತ್ತಿರಲಿಲ್ಲ. ನಮ್ಮ ಜರ್ನಲ್ ಎಳೆದುಕೊಂಡು, ಕೆಂಪು ಪೆನ್ನಿನಿಂದ ಟೈಪ್ ಕಾಸ್ಟಿಂಗ್‌ನ, ಅಂದರೆ ಇದು ಇಂಥ ಬಗೆಯದೇ ಎಂದು ನಾವೇ ಭರವಸೆ ಕೊಡುವ, ಕಂಸಗಳನ್ನು ಹುಡುಕಿ ಹೊಡೆದುಹಾಕುತ್ತಿದ್ದರು. ಇಂಡಿ ಪಟ್ಟಣದ ನಮ್ಮ ಬಿಸಿಎ ಕಾಲೇಜಿನಲ್ಲಿ ಜಾವಾ ಕಲಿಸುತ್ತಿದ್ದವರು ಅವರು. ಮಧ್ಯಾಹ್ನದ ರೊಟ್ಟಿಯನ್ನೂ ಲ್ಯಾಬಿನ ಬಾಗಿಲಲ್ಲಿ ನಿಂತೇ ತಿನ್ನುತ್ತಿದ್ದರು. ನಗುವುದು ಅಪರೂಪ.

ಒಮ್ಮೆ ನಾನು ಹೆಸರುಗಳ ಲಿಸ್ಟಿನಲ್ಲಿ ಅಂಕಿಯೊಂದನ್ನು ಸೇರಿಸಿಬಿಟ್ಟಿದ್ದೆ. ಹೊರತೆಗೆಯುವಾಗ ಎಲ್ಲದಕ್ಕೂ ಕಂಸದಲ್ಲಿ ‘ಸ್ಟ್ರಿಂಗ್’, ಅಂದರೆ ಅಕ್ಷರಗಳ ಸಾಲು, ಎಂದು ಹಾಕಿದ್ದೆ. ಓಡಿಸುವ ಮೊದಲು ತಪ್ಪು ಹುಡುಕುವ ಕಂಪೈಲರ್ ತಕರಾರು ಮಾಡಲಿಲ್ಲ. ಓಡಿಸಿದಾಗ ಆ ಅಂಕಿಗೆ ಬಂದು ಪ್ರೋಗ್ರಾಂ ನಿಂತಿತು.

“ಇದು ಹೆಸರ ಐತಿ ಅಂತ ಕಂಸ ಹಾಕಿ ನೀ ಮಾತ ಕೊಟ್ಟಿ. ಅದು ನಂಬ್ತು,” ಎಂದರು ಮೇಡಂ. ಲಿಸ್ಟಿನ ಮುಂದೆ ಕೋನದ ಗುರುತುಗಳ ನಡುವೆ ‘ಸ್ಟ್ರಿಂಗ್’ ಎಂದು ತಾವೇ ಬರೆದರು. “ಇದಕ್ಕ ಜೆನೆರಿಕ್ಸ್ ಅಂತಾರ. ಒಳಗ ಏನ ಇರಬೇಕು ಅನ್ನೂದು ಮೊದಲ ಹೇಳಿಬಿಡು ಯವ್ವಾ. ಈಗ ಅಂಕಿ ಹಾಕಿ ನೋಡು.”

ಅಂಕಿ ಹಾಕಿದ ಸಾಲನ್ನು ಕಂಪೈಲರ್ ಒಪ್ಪಲೇ ಇಲ್ಲ. ಕಂಸದ ಅಗತ್ಯವೂ ಉಳಿಯಲಿಲ್ಲ.

“ಒಂದ ಕಂಸಕ್ಕ ಇಷ್ಟ್ಯಾಕ್ರಿ ಮೇಡಂ?” ಎಂದು ಕೇಳಿದೆ.

ಲ್ಯಾಬ್ ಖಾಲಿಯಾದ ಮೇಲೆ ಹೇಳಿದರು. ಕಾಲೇಜಿಗೆ ಬರುವ ಮೊದಲು ಅವರು ಒಂದು ಖಾಸಗಿ ಆಸ್ಪತ್ರೆಗೆ ರಕ್ತದಾನಿಗಳನ್ನು ಹುಡುಕುವ ಪ್ರೋಗ್ರಾಂ ಬರೆದಿದ್ದರು. ಚಡಚಣದ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲದಿದ್ದಾಗ ಆ ಪ್ರೋಗ್ರಾಂ ದಾನಿಯನ್ನು ಹುಡುಕುತ್ತ ನಡುವೆಯೇ ನಿಂತುಹೋಯಿತು. ದಾನಿಯ ಪೂರ್ತಿ ವಿವರ ಇರಬೇಕಾದ ಲಿಸ್ಟಿನಲ್ಲಿ ಒಂದು ಕಡೆ ಬರೀ ಹೆಸರು ಸೇರಿಕೊಂಡಿತ್ತು. ಮೇಡಂ ಹಾಕಿದ್ದ ಕಂಸವನ್ನು ನಂಬಿ ಕಂಪೈಲರ್ ಅದನ್ನು ಹಿಡಿದಿರಲಿಲ್ಲ. ಹಳೆಯ ರಜಿಸ್ಟರ್ ಹುಡುಕಿ ಫೋನ್ ಮಾಡುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಕೂಸು ಉಳಿಯಿತು.

“ರಕ್ತ ಸಿಕ್ಕಿದ್ರೂ ಉಳೀತಿದ್ದಿಲ್ಲ ಅಂದ್ರು ಡಾಕ್ಟರು. ಇರಬಹುದು,” ಎಂದು ಮೇಡಂ ನನ್ನ ಜರ್ನಲ್ ಮುಚ್ಚಿದರು.

ಕಾಲೇಜು ಮುಗಿದು ನಾಲ್ಕು ವರ್ಷದ ಮೇಲೆ ಇಂಡಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕ್ಯಾನ್ಸರ್ ಚಿಕಿತ್ಸೆಗೆ ಸೊಲ್ಲಾಪುರಕ್ಕೆ ಹೊರಟಿದ್ದರು. ತಲೆಯ ಮೇಲಿನ ಸೆರಗಿನ ಕೆಳಗೆ ಕೂದಲಿರಲಿಲ್ಲ.

“ಹೋದ ತಿಂಗಳ ಚಡಚಣಕ್ಕ ಹೋಗಿದ್ನಿ,” ಎಂದರು, ನಾನು ಕೇಳದೆಯೇ. “ಆ ಬಾಣಂತಿ ಗಂಡಗ ಎಲ್ಲಾ ಹೇಳಿದ್ನಿ. ಪ್ರೋಗ್ರಾಂ ಬರದಾಕಿ ನಾನ ಅಂತ.”

“ಏನಂದ್ರರಿ?”

“ಮಗಳನ್ನ ಒಳಗ ಕಳಿಸಿದ್ರು. ಆಮ್ಯಾಲ ಬಾಗಲಾ ಹಾಕ್ಕೊಂಡ್ರು.”

ಬಸ್ಸು ಬಂತು. ಚೀಲ ಹತ್ತಿಸಿಕೊಟ್ಟೆ.

ಮಳೆಗಾಲ ಮುಗಿಯುವ ಮೊದಲೇ ಮೇಡಂ ತೀರಿಕೊಂಡರು. ಅವರೇ ಹೇಳಿಟ್ಟಿದ್ದರೆಂದು ಅವರ ತಮ್ಮ ಚಡಚಣದ ಆ ಮನೆಗೂ ಸುದ್ದಿ ಮುಟ್ಟಿಸಿದ್ದರಂತೆ. ಮೇಡಂ ಮನೆಯಲ್ಲಿ ಹೆಣ್ಣುಮಕ್ಕಳ ನಡುವೆ ಕೂತು ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಮಣ್ಣಿಗೆ ಒಯ್ಯುವವರೆಗೂ ಚಡಚಣದಿಂದ ಯಾರೂ ಬರಲಿಲ್ಲ.