ಬಟ್ಟೆಯಲ್ಲಿ ಸೋಸಿದ ಸಾರು

ಹೋದ ತಿಂಗಳು ಒಂದು ಭಾನುವಾರ ಮಗಳಿಗೆ ನೆಗಡಿ ಅಂತ ನನ್ನ ಹೆಂಡತಿ ಕುಕ್ಕರಿನಲ್ಲಿ ಹುರುಳಿಕಾಳು ಇಟ್ಟಿದ್ದಳು. ಮೂರನೇ ಸೀಟಿಗೆ ಅದರ ವಾಸನೆ ನಡುಮನೆಗೆ ಬಂತು. ಬಿಸಿ ಮಣ್ಣಿನಂಥ, ಸ್ವಲ್ಪ ಒಗರಾದ ವಾಸನೆ... ನಾನು ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತೆ. ಮದುವೆಯಾಗಿ ಎಂಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದ್ದು ಅದೇ ಮೊದಲು. ನನಗೆ ಆಗಲ್ಲ ಅಂತ ಅವಳಿಗೆ ಹೇಳಿದ್ದೆ. ಯಾಕೆ ಅಂತ ಹೇಳಿರಲಿಲ್ಲ.

ಮದುವೆಗೆ ಮುಂಚೆ ನಾನು ಹೊಸೂರಿನ ಮೂಕಂಡಪಲ್ಲಿಯಲ್ಲಿ ಒಂದು ರೂಮಿನಲ್ಲಿದ್ದೆ. ಉದ್ದಕ್ಕೆ ಆರು ರೂಮು, ಎಲ್ಲಕ್ಕೂ ಸೇರಿ ಹಿತ್ತಲಲ್ಲಿ ಒಂದು ನಲ್ಲಿ, ಒಂದು ನುಗ್ಗೆಮರ. ಕಂಪನಿಯಲ್ಲಿ ನನ್ನ ಜೊತೆ ಒಂದೇ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ ಪಕ್ಕದ ರೂಮಿನಲ್ಲಿದ್ದ. ಉದ್ದನಪಲ್ಲಿಯವನು. ಅವನ ತಾಯಿ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು, ಅವನಿಗೂ ನನಗೂ ಅಡುಗೆ ಮಾಡಿ ಹಾಕಿ ಹೋಗುತ್ತಿದ್ದರು. ನಾನು ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆ. ನನಗೆ ತಾಯಿ ಇರಲಿಲ್ಲ. ಇದ್ದ ಒಬ್ಬಳು ಅಕ್ಕ ಮಳವಳ್ಳಿ ಕಡೆ, ಅವಳ ಸಂಸಾರದಲ್ಲಿ ಅವಳಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ಗೆಳೆಯನೂ ಬಾಗಲೂರಿನಿಂದ ಬರುತ್ತಿದ್ದೆವು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರ ಗೃಹಪ್ರವೇಶಕ್ಕೆ ಹಿಂದಿನ ದಿನವೇ ಹೋಗಿ ಅಲ್ಲೇ ಉಳಿದಿದ್ದೆವು. ಫಸ್ಟ್ ಶಿಫ್ಟಿಗೆ ಹೊತ್ತಾಗುತ್ತದೆ ಅಂತ ನಾನು ಗಾಡಿ ಜೋರಾಗಿ ಓಡಿಸಿದೆ. ಹತ್ತು ಮಾರು ಮುಂದೆ ಏನೂ ಕಾಣದಷ್ಟು ಮಂಜು. ಇದ್ದದ್ದು ಒಂದೇ ಹೆಲ್ಮೆಟ್ಟು. ಓಡಿಸುವವನು ನೀನು, ನೀನೇ ಹಾಕ್ಕೋ ಅಂದಿದ್ದ. ಕೋಸು ತುಂಬಿದ ಟ್ರ್ಯಾಕ್ಟರೊಂದು ಪಂಕ್ಚರಾಗಿ ರಸ್ತೆಯಲ್ಲೇ ನಿಂತಿತ್ತು. ಟ್ರ್ಯಾಕ್ಟರಿನವನು ಟೈರು ಬಿಚ್ಚಿಕೊಂಡು ಹೋಗಿದ್ದನಂತೆ. ನಾವು ಹೋಗಿ ಅದರ ಟ್ರೈಲರಿಗೆ ಗುದ್ದಿದೆವು.

ಅವನು ನನ್ನಿಂದ ಒಂದು ಕೈಯಳತೆ ದೂರದಲ್ಲಿ ಬಿದ್ದಿದ್ದ. ಅವನಿಗೆ ಎಚ್ಚರವಿತ್ತು. ಅಮ್ಮಾ ಅಂದ. ಅಂತಲೇ ಇದ್ದ. ಒಂದು ಸಲ ಜೋರಾಗಿ, ಆಮೇಲೆ ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟೇ ಮೆಲ್ಲಗೆ. ನಡುವೆ ನನ್ನ ಹೆಸರನ್ನೂ ಹಿಡಿದು, ಯಾರನ್ನಾದ್ರೂ ಕೂಗು ಕಣ್ಲಾ, ಅಂದ. ಕೂಗೋಣವೆಂದರೆ ನನ್ನ ದವಡೆ ಮುರಿದು ಪಕ್ಕಕ್ಕೆ ಸರಿದಿತ್ತು. ಬಾಯಿಂದ ರಕ್ತ ಬಂತೇ ಹೊರತು ಸದ್ದು ಬರಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆವೋ... ಆಮೇಲೆ ನನಗೆ ಎಚ್ಚರ ತಪ್ಪಿತು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಅವನು ಇಲ್ಲ ಅಂತ ಮಾರನೇ ದಿನ ಹೇಳಿದರು.

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಸುತ್ತಿ ನನ್ನ ಬಾಯಿ ಬಿಗಿದಿದ್ದರು. ಆರು ವಾರ ಬಾಯಿ ಬಿಡುವ ಹಾಗಿಲ್ಲ, ನೀರಿನ ಹಾಗಿರುವುದನ್ನು ಮಾತ್ರ ಕುಡಿಯಬೇಕು ಅಂದರು. ಎಡಗಡೆ ಎರಡು ಹಲ್ಲು ಬಿದ್ದುಹೋಗಿದ್ದ ಜಾಗದಿಂದ ಸಿರಿಂಜಿನಲ್ಲಿ ಬಿಟ್ಟುಕೊಳ್ಳಬೇಕಿತ್ತು. ಕಂಪನಿಯವರು ಒಬ್ಬರು ನನ್ನನ್ನು ರೂಮಿಗೆ ತಂದು ಬಿಟ್ಟು ಹೋದರು. ಎರಡು ದಿನ ಹಾಲು, ಗ್ಲೂಕೋಸು. ಅದರಲ್ಲೂ ಅರ್ಧ ಕತ್ತಿನ ಮೇಲೆ.

ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ದೊಡ್ಡಮ್ಮ ಮಗನ ರೂಮು ಖಾಲಿ ಮಾಡಲು ಬಂದರು. ನೆಂಟರು ಪಾತ್ರೆ, ಹಾಸಿಗೆ, ಟಿವಿ ಎಲ್ಲಾ ಆಟೋಗೆ ಹಾಕಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಎದುರಿಗೆ ಹೋಗುವ ಧೈರ್ಯವಿರಲಿಲ್ಲ. ಅವರೇ ಬಾಗಿಲು ತಳ್ಳಿ ಒಳಗೆ ಬಂದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಸಿರಿಂಜು ನೋಡಿದರು, ಹಾಲು ಚೆಲ್ಲಿ ಕರೆಗಟ್ಟಿದ್ದ ಅಂಗಿ ನೋಡಿದರು. ಹೊರಗೆ ಹೋಗಿ ನೆಂಟರಿಗೆ ಹೇಳಿದ್ದು ನನಗೆ ಕೇಳಿಸಿತು.

"ನೀವ್ ಹೋಗ್ರಪ್ಪ. ನಾನು ಆಮೇಕೆ ಬತ್ತೀನಿ."

ಆಟೋ ಹೋಯಿತು. ಅವರು ನನ್ನ ಅಡುಗೆ ಕಟ್ಟೆಯ ಡಬ್ಬಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಂದು ಹಿಡಿ ಅಕ್ಕಿ, ಸುಕ್ಕುಗಟ್ಟಿದ ಒಂದು ಟೊಮೇಟೊ, ಉಪ್ಪು, ಮೆಣಸು. ಮಗನ ರೂಮಿನಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಅರ್ಧ ಪ್ಯಾಕೆಟ್ ಹುರುಳಿಕಾಳು, ನಾಲ್ಕೆಸಳು ಬೆಳ್ಳುಳ್ಳಿ ತಂದರು. ಹಿತ್ತಲಿಂದ ನುಗ್ಗೆಸೊಪ್ಪು ಕಿತ್ತುಕೊಂಡು ಬಂದರು. "ಐತಲ್ಲ, ಇದ್ರಲ್ಲೇ ಆಗ್ತದೆ ಬುಡು" ಅಂದರು, ನನಗೋ ತಮಗೋ ಗೊತ್ತಾಗಲಿಲ್ಲ.

ಹುರುಳಿ, ಅಕ್ಕಿ ಒಟ್ಟಿಗೆ ಮೆತ್ತಗೆ ಬೇಯಿಸಿದರು. ಸೊಪ್ಪು, ಟೊಮೇಟೊ ಹಾಕಿ ಇನ್ನೊಂದು ಕುದಿ ಬರಿಸಿ, ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರು. ಅದು ಸಿರಿಂಜಿನಲ್ಲಿ ಇಳಿಯಲಿಲ್ಲ. ಅವರು ಪಕ್ಕದ ರೂಮಿಗೆ ಹೋಗಿ, ಅಲ್ಲೇ ಉಳಿದಿದ್ದ ಮಗನ ಹಳೇ ಬಿಳಿ ಪಂಚೆಯಲ್ಲಿ ಒಂದು ತುಂಡು ಹರಿದು ತಂದರು. ಅದರಲ್ಲಿ ಸೋಸಿ, ಹಿಂಡಿ, ತೆಳ್ಳಗಿನ ಸಾರನ್ನು ಮತ್ತೆ ಬಿಸಿ ಮಾಡಿ ಜಜ್ಜಿದ ಬೆಳ್ಳುಳ್ಳಿಯ ನೀರು ಬಿಟ್ಟರು. ನನ್ನ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡು ಸಿರಿಂಜು ಹಿಡಿದರು. ಹನ್ನೆರಡು ದಿನದ ಮೇಲೆ ನನ್ನ ನಾಲಿಗೆಗೆ ಉಪ್ಪು ಸಿಕ್ಕಿತ್ತು. ನಾನು ಅತ್ತೆ. ಬಾಯಿ ಬಿಗಿದಿರುವಾಗ ಅಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಅವರು ಹೋಗಲಿಲ್ಲ. ಒಂದು ತಿಂಗಳು ಆ ಖಾಲಿ ರೂಮಿನಲ್ಲಿ ಒಂದು ಚಾಪೆ ಹಾಕಿಕೊಂಡು ಉಳಿದರು. ದಿನಾ ಬೆಳಿಗ್ಗೆ ಬಂದು ಡಬ್ಬ ತೆಗೆದು ನೋಡೋರು. ಕುಂಬಳಕಾಯಿ ಸಿಪ್ಪೆ ಬೇಯಿಸಿದ ನೀರಿಗೆ ರಾಗಿಹಿಟ್ಟು ಕದಡಿದ್ದು ಒಂದು ದಿನ, ಮೂಲಂಗಿ ಸೊಪ್ಪು ಬಸಿದ ನೀರಿಗೆ ಮಜ್ಜಿಗೆ ಬೆರೆಸಿದ್ದು ಒಂದು ದಿನ. ಏನೂ ಇಲ್ಲದ ದಿನ ಮತ್ತೆ ಹುರುಳಿ. ಆಮೇಲೆ ನನ್ನ ಕತ್ತು ಒರೆಸಿ, ಗೋಡೆಗೆ ಒರಗಿ ಕೂತು ನನ್ನನ್ನು ನೋಡೋರು. ಮಗನ ಮಾತು ಎತ್ತುತ್ತಿರಲಿಲ್ಲ.

ಒಂದು ದಿನ ತಡೆಯಲಾಗದೆ ಒಂದು ಹಾಳೆಯಲ್ಲಿ ಎಲ್ಲ ಬರೆದು ಅವರ ಮುಂದೆ ಹಿಡಿದೆ. ಜೋರಾಗಿ ಓಡಿಸಿದ್ದು, ಹೆಲ್ಮೆಟ್ಟು, ಅವನು ಕರೆದದ್ದು. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ನಾನ್ ಓದಿದ್ದು ತಮಿಳ್ ಸ್ಕೂಲು, ಅದೂ ಮೂರನೇ ಕ್ಲಾಸು. ನಿಮ್ ಅಕ್ಷರ ನಂಗ್ ಬರಲ್ಲ ಕಣ್ಲಾ. ಬಾಯ್ ಬತ್ತದಲ್ಲ, ಆಗ ಹೇಳು" ಅಂದರು.

ನಾನು ಹಾಳೆಯನ್ನು ಹರಿದು ಹಾಕಿದೆ. ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು.

ತಂತಿ ಬಿಚ್ಚಿದ ದಿನ ಅವರು ಮೆತ್ತಗಿನ ಮುದ್ದೆ ಮಾಡಿದ್ದರು. ಸಾರನ್ನು ಸೋಸಿರಲಿಲ್ಲ. ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಚಿಕ್ಕ ಚಿಕ್ಕ ತುತ್ತು ಮುರಿದು ಅವರೇ ಇಟ್ಟರು. ಮೂರನೇ ತುತ್ತಿಗೋ ನಾಲ್ಕನೆಯದಕ್ಕೋ ಕೈ ನಿಲ್ಲಿಸಿ ಕೇಳಿದರು.

"ಅವ್ನು ಏನಾದ್ರೂ ಅಂದ್ನೇನಪ್ಪ?"

ಆರು ವಾರದಿಂದ ಕಾದಿಟ್ಟುಕೊಂಡಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಅವರ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ನನಗೆ ಹಿಂಡಿ ಉಳಿದ ಚರಟವನ್ನೇ ಅವರು ತಿಂಗಳಿಡೀ ತಿಂದಿದ್ದರು. ಈ ಜೀವಕ್ಕೆ ಇನ್ನು ಆ ಕೂಗನ್ನೂ ಹೊರಿಸುವುದೇ ಅನ್ನಿಸಿತು. ಹಾಗೆ ಅಂದುಕೊಂಡು ನನ್ನನ್ನೇ ಉಳಿಸಿಕೊಂಡೆನೋ ಏನೋ...

"ಇಲ್ಲ ದೊಡ್ಡಮ್ಮ. ಬಿದ್ದ ತಕ್ಷಣ ಹೋಗ್ಬಿಟ್ಟ."

"ಏನೂ ಅನ್ನಲಿಲ್ವಾ?"

"ಏನೂ ಅನ್ನಲಿಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ "ಸರಿ, ಉಣ್ಣು" ಅಂತ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಉಳಿದದ್ದನ್ನು ನಾನೇ ತಿಂದೆ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಉದ್ದನಪಲ್ಲಿಗೆ ಹೊರಟರು. ಮತ್ತೆ ಬರಲಿಲ್ಲ. ಮೂವತ್ತು ಕಿಲೋಮೀಟರು ಕೂಡ ಇಲ್ಲದ ಊರಿಗೆ ನಾನೂ ಹೋಗಲಿಲ್ಲ. ಹಬ್ಬ ಬಂತು, ಮದುವೆ ಬಂತು, ಮಗಳು ಹುಟ್ಟಿದಳು. ಹೋಗಬೇಕು ಅಂದುಕೊಳ್ಳುತ್ತಲೇ ವರ್ಷ ಕಳೆದವು.

ಆ ಭಾನುವಾರ ಗೇಟಿನ ಹತ್ತಿರ ನಿಂತವನು ಒಳಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಇವತ್ತೇ ಹೋಗಿ ಬನ್ನಿ" ಅಂದಳು. ಹೋದೆ.

ಮನೆಯಲ್ಲಿ ದೊಡ್ಡಮ್ಮನ ತಂಗಿ ಇದ್ದರು. ದೊಡ್ಡಮ್ಮ ತೀರಿಹೋಗಿ ಒಂದು ವರ್ಷದ ಮೇಲಾಗಿತ್ತು. ನಾನು ಯಾರೆಂದು ಹೇಳಿದೆ. ಜಗಲಿಯ ಮೇಲೆ ಕೂತು, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಕ್ಕಂಗೆ ಗೊತ್ತಿತ್ತಪ್ಪ. ಟ್ರ್ಯಾಕ್ಟರ್‌ನೋನು ಮೂರನೇ ದಿನಾನೇ ಬಂದು ಕಾಲ್ ಹಿಡ್ಕಂಡು ಅತ್ತ. ಅವ್ನು ಟೈರ್ ತಗಂಡು ವಾಪಸ್ ಬಂದಾಗ ಹುಡುಗಂಗೆ ಇನ್ನೂ ಜೀವ ಇತ್ತಂತೆ, ಅಮ್ಮಾ ಅಮ್ಮಾ ಅಂತಿದ್ನಂತೆ."

ನಾನೊಬ್ಬನೇ ಕೇಳಿದ್ದು ಅಂದುಕೊಂಡು ಇಷ್ಟು ವರ್ಷ ಬದುಕಿದ್ದೆ. "ಗೊತ್ತಿದ್ದ ಮೇಲೆ ನನ್ನನ್ನ ಯಾಕೆ ಕೇಳಿದ್ರು?" ಅಂದೆ.

"ಅವ್ನು ಯಾರೋ ದಾರೀಲ್ ಹೋಗೋನು. ನೀನು ಪಕ್ಕದಲ್ಲಿ ಬಿದ್ದಿದ್ದೋನು. ನಿನ್ ಬಾಯಿಂದ ಒಂದ್ಸಲ ಕೇಳ್ಬೇಕು ಅಂತಿತ್ತು ಅವ್ಳಿಗೆ. ಕೊನೇಲಿ ನನ್ನೇ ಕರ್ದ್ನಾ, ಅಂತ. ಅದಕ್ಕೇ ಕಾದಿದ್ದು."

ಅಮ್ಮಾ ಅಂದ ದೊಡ್ಡಮ್ಮ, ಕೊನೆಯವರೆಗೂ ನಿಮ್ಮನ್ನೇ ಕರೆದ. ಬಸ್‌ಸ್ಟಾಪಿನಲ್ಲಿ ಇದನ್ನು ಮನಸ್ಸಿನಲ್ಲೇ ಅಂದುಕೊಂಡೆ. ಇನ್ನೊಂದು ಸಲ ತುಟಿ ಅಲ್ಲಾಡಿಸಿ ಅಂದೆ. ಪಕ್ಕದಲ್ಲಿ ಕೂತಿದ್ದವರು ಏನಂತ ತಿರುಗಿ ನೋಡಿದರು. ಏನಿಲ್ಲ ಅಂದೆ. ಹೊಸೂರಿನ ಬಸ್ಸು ಬಂತು.